ಆಗಸ್ಟ್ 15: ಒಂದು ದಿನಾಂಕದ ಚರಿತ್ರೆ

ಬೇರೆ ಬೇರೆ ವರ್ಷಗಳಲ್ಲಿ ಒಂದೇ ತಾರೀಖಿನಂದು ನಡೆದ ಘಟನೆಗಳನ್ನೂ, ಆ ತಾರೀಖಿನಂದು ಹುಟ್ಟಿದವರ ಮತ್ತು ಗತಿಸಿದವರ ಹೆಸರುಗಳನ್ನೂ ಒಂದೆಡೆ ಕೂಡಿಸಿ ಓದುಗರ ಮುಂದಿಡುವ ಪದ್ಧತಿಯು ಇಂದು ದಿನಪತ್ರಿಕೆಯ ಮೂಲೆಯೊಂದರಲ್ಲಿ, ಶಾಲೆಯ ಪ್ರಾರ್ಥನಾ ವೇಳೆಯ ಕರಿಹಲಗೆಯ ಮೇಲೆ, ಅಲ್ಪವಿರಾಮದ ಮನರಂಜನೆಯಾಗಿ ಉಳಿದುಕೊಂಡಿದೆಯಾದರೂ, ಅದರ ವಂಶಾವಳಿ ಬಹು ಪ್ರಾಚೀನವಾದದ್ದು. ಕ್ರೈಸ್ತ ಮಠಗಳಲ್ಲಿ ಹುತಾತ್ಮರ ಮರಣದಿನಗಳನ್ನು ತಿಂಗಳುವಾರಿಯಾಗಿ ಬರೆದಿಟ್ಟು ದಿನಕ್ಕೊಂದರಂತೆ ಓದಿಸುತ್ತಿದ್ದರು; ಎಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೀಡ್ ಎಂಬ ಸಂನ್ಯಾಸಿ ಅಂತಹ ಪಟ್ಟಿಗೆ ಸಂಕ್ಷಿಪ್ತ ಕಥನವನ್ನೂ ಸೇರಿಸಿದನು. ಸಾವಿರ ವರ್ಷಗಳ ತರುವಾಯ, 1860ರ ದಶಕದಲ್ಲಿ, ಎಡಿನ್‌ಬರೋದ ಪ್ರಕಾಶಕ ರಾಬರ್ಟ್ ಚೇಂಬರ್ಸ್ ಎರಡು ದಪ್ಪ ಸಂಪುಟಗಳಲ್ಲಿ ‘ಬುಕ್ ಆಫ್ ಡೇಸ್’ ಎಂಬ ಗ್ರಂಥವನ್ನು ಹೊರತಂದು, ಸಂತರ ಸ್ಥಾನದಲ್ಲಿ ಕವಿಗಳನ್ನೂ ವಿಜ್ಞಾನಿಗಳನ್ನೂ ಖೈದಿಗಳನ್ನೂ ಕೂರಿಸಿದನು. ಭಕ್ತಿಯ ಪಟ್ಟಿ ಕುತೂಹಲದ ಪಟ್ಟಿಯಾದದ್ದು ಹೀಗೆ.

ನಮ್ಮ ನಾಡಿನ ರೂಢಿ ಬೇರೆ. ಕರ್ನಾಟಕದ ಶಾಸನಗಳು ಶಕವರ್ಷವನ್ನು, ಸಂವತ್ಸರವನ್ನು, ಮಾಸ ಪಕ್ಷ ತಿಥಿ ವಾರಗಳನ್ನು ಹೇಳುತ್ತವೆ. ಬಸವ ಜಯಂತಿ ಇಂದಿಗೂ ವೈಶಾಖ ಶುದ್ಧ ತದಿಗೆಗೇ ಬರುತ್ತದೆ. ತೀರಿಹೋದ ಹಿರಿಯರಿಗೆ ಎಡೆಯಿಡುವುದು ಅವರು ತೀರಿಹೋದ ತಿಥಿಯಂದೇ ಹೊರತು ತಾರೀಖಿನಂದಲ್ಲ. ಈ ಲೆಕ್ಕದಲ್ಲಿ ‘ಅದೇ ದಿನ’ ಎಂಬುದು ಚಂದ್ರನೊಡನೆ ಸರಿದಾಡುವ ದಿನ. ಹೀಗಾಗಿ ಇಂಗ್ಲಿಷ್ ತಾರೀಖಿನ ಸೂತ್ರದಲ್ಲಿ ಘಟನೆಗಳನ್ನು ಪೋಣಿಸುವ ಅಭ್ಯಾಸ ನಮಗೆ ಕಚೇರಿ, ಶಾಲೆ, ಪತ್ರಿಕೆಗಳ ಮೂಲಕ ಬಂದದ್ದೆಂದು ಹೇಳಬಹುದು. ಬಂದದ್ದಕ್ಕೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಪಟ್ಟಿ ಮಾಡುವವರ ಮೌನಕ್ಕೆ: ಆ ಪಟ್ಟಿಗಳು ಎಲ್ಲ ಘಟನೆಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಯಾವುದು ಆ ದಿನಕ್ಕೆ ತಾನಾಗಿ ಬಂದು ಬಿದ್ದಿತು, ಯಾವುದನ್ನು ಮನುಷ್ಯರು ಉದ್ದೇಶಪೂರ್ವಕವಾಗಿ ಆ ದಿನಕ್ಕೆ ಕರೆದು ತಂದರು ಎಂಬುದನ್ನು ಮರೆಮಾಡುತ್ತವೆ. ನನ್ನ ಅಭಿಪ್ರಾಯದಲ್ಲಿ ದಿನಾಂಕದ ಚರಿತ್ರೆಯಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಇದೊಂದೇ. ಇದನ್ನು ಪರೀಕ್ಷಿಸುವುದಕ್ಕೆ ಭಾರತೀಯರಿಗೆ ಅತ್ಯಂತ ಪರಿಚಿತವಾದ ಆಗಸ್ಟ್ 15ನ್ನೇ ತೆಗೆದುಕೊಂಡಿದ್ದೇನೆ.

ಈ ದಿನಾಂಕಕ್ಕೆ ಮೊದಲ ಮಹತ್ತ್ವ ಬಂದದ್ದು ಒಂದು ಹಬ್ಬದಿಂದ. ಯೇಸುವಿನ ತಾಯಿ ಮರಿಯಳ ದೇಹಾವಸಾನದ ಸ್ಮರಣೆಯನ್ನು ಪೂರ್ವ ರೋಮನ್ ಸಾಮ್ರಾಜ್ಯದಲ್ಲೆಲ್ಲ ಆಗಸ್ಟ್ 15ರಂದೇ ಆಚರಿಸತಕ್ಕದ್ದೆಂದು 582ರಿಂದ 602ರವರೆಗೆ ಆಳಿದ ಮೌರಿಸ್ ಚಕ್ರವರ್ತಿ ಗೊತ್ತುಮಾಡಿದನೆಂದು ಚರ್ಚಿನ ಇತಿಹಾಸಕಾರರು ಹೇಳುತ್ತಾರೆ. ಕಾಲಾನುಕ್ರಮದಲ್ಲಿ ಪಶ್ಚಿಮದ ಚರ್ಚು ಅದನ್ನು ಮರಿಯಳ ಸ್ವರ್ಗಾರೋಹಣದ ಹಬ್ಬವಾಗಿ ಸ್ವೀಕರಿಸಿತು. ಒಮ್ಮೆ ಹಬ್ಬವೊಂದು ನೆಲೆಗೊಂಡ ಮೇಲೆ ಆ ದಿನಕ್ಕೆ ಒಂದು ಆಕರ್ಷಣೆ ಹುಟ್ಟಿಕೊಳ್ಳುತ್ತದೆ. 1534ರ ಆಗಸ್ಟ್ 15ರಂದು ಪ್ಯಾರಿಸಿನ ಮೋಂಮಾರ್ತ್ರ ಗುಡ್ಡದ ಪ್ರಾರ್ಥನಾ ಮಂದಿರವೊಂದರಲ್ಲಿ ಇಗ್ನೇಷಿಯಸ್ ಲಯೋಲಾ ಮತ್ತು ಆತನ ಆರು ಮಂದಿ ಸಂಗಡಿಗರು ಬಡತನ ಬ್ರಹ್ಮಚರ್ಯಗಳ ಪ್ರತಿಜ್ಞೆ ಸ್ವೀಕರಿಸಿ, ಮುಂದೆ ಜೆಸ್ಯೂಟ್ ಸಂಘವೆಂದು ಪ್ರಸಿದ್ಧವಾದ ಸಂಸ್ಥೆಗೆ ಬೀಜ ಬಿತ್ತಿದಾಗ, ಆ ದಿನವನ್ನು ಅವರು ಹಬ್ಬವೆಂದೇ ಆರಿಸಿಕೊಂಡಿದ್ದರು. ಇದರಲ್ಲಿ ಅದೃಷ್ಟದ ಪಾತ್ರವೇನೂ ಇಲ್ಲ. ಆದರೆ ಆ ಏಳು ಮಂದಿಯಲ್ಲೊಬ್ಬನಾದ ಫ್ರಾನ್ಸಿಸ್ ಜೇವಿಯರ್ 1549ರಲ್ಲಿ ಗೋವೆಯಿಂದ ಹೊರಟು, ಮಲಕ್ಕಾದ ಮೂಲಕ ಸಮುದ್ರಯಾನ ಮಾಡಿ, ಜಪಾನಿನ ಕಾಗೋಷಿಮಾ ಬಂದರಿನಲ್ಲಿ ಕಾಲಿಟ್ಟದ್ದೂ ಆಗಸ್ಟ್ 15ರಂದೇ. ಆ ಹಡಗನ್ನು ನಡೆಸಿದ್ದು ಗಾಳಿ, ಪಂಚಾಂಗವಲ್ಲ. ಹಾಗಿದ್ದೂ ತಾನು ಮರಿಯಳ ಹಬ್ಬದಂದು ಆ ದೇಶವನ್ನು ಮುಟ್ಟಿದೆನೆಂದು ಜೇವಿಯರನು ತನ್ನ ಪತ್ರದಲ್ಲಿ ಒತ್ತಿ ಬರೆದಿದ್ದಾನೆ. ತಾನಾಗಿ ಬಂದ ದಿನಕ್ಕೆ ಅರ್ಥ ಹಚ್ಚುವ ಕೆಲಸ ಹೀಗೆ ಘಟನೆಯ ಬೆನ್ನಿಗೇ ಆರಂಭವಾಗುತ್ತದೆ.

ಇಲ್ಲಿ ಕಾಲಗಣನೆಯ ಒಂದು ಸೂಕ್ಷ್ಮವನ್ನು ಹೇಳದೆ ಮುಂದುವರಿಯಲಾಗದು. 1534 ಮತ್ತು 1549ರ ತಾರೀಖುಗಳು ಜೂಲಿಯಸ್ ಸೀಸರನ ಕಾಲದ ಪಂಚಾಂಗಕ್ಕೆ ಸೇರಿದವು. 1582ರಲ್ಲಿ ಹದಿಮೂರನೆಯ ಗ್ರೆಗರಿ ಪೋಪನು ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಕರೆಯಿಸಿ ಹತ್ತು ದಿನಗಳನ್ನು ಕಳೆದನು. ಇಂಗ್ಲೆಂಡು 1752ರವರೆಗೆ ಆ ತಿದ್ದುಪಡಿಗೆ ಒಪ್ಪಲಿಲ್ಲ. ಅಂದಮೇಲೆ ಜೇವಿಯರನು ಜಪಾನಿನಲ್ಲಿ ಇಳಿದ ದಿನದ ಸೂರ್ಯನ ಸ್ಥಾನಕ್ಕೂ ಇಂದಿನ ಆಗಸ್ಟ್ 15ರ ಸೂರ್ಯನ ಸ್ಥಾನಕ್ಕೂ ಹತ್ತು ದಿನಗಳ ಅಂತರ. ಪಟ್ಟಿಯ ಸಾಲಿನಲ್ಲಿ ಇವೆರಡೂ ಒಂದೇ ಮನೆಯ ಮಕ್ಕಳಂತೆ ಕುಳಿತಿದ್ದರೂ ಆಕಾಶದ ಲೆಕ್ಕದಲ್ಲಿ ಅವು ನೆರೆಹೊರೆಯವು ಮಾತ್ರ.

ಫ್ರಾನ್ಸಿನ ಅಧೀನಕ್ಕೆ ಆಗತಾನೇ ಬಂದಿದ್ದ ಕಾರ್ಸಿಕಾ ದ್ವೀಪದ ಅಜಾಕ್ಸಿಯೋ ಪಟ್ಟಣದಲ್ಲಿ 1769ರ ಆಗಸ್ಟ್ 15ರಂದು ನೆಪೋಲಿಯನ್ ಬೊನಪಾರ್ಟ್ ಜನಿಸಿದನು. ಮರಿಯಳ ಹಬ್ಬದ ದಿನ ಹುಟ್ಟಿದ್ದು ಆತನ ಕೈಯಲ್ಲಿದ್ದ ವಿಷಯವಲ್ಲ. ಆ ದಿನವನ್ನು ಆತ ಬಳಸಿಕೊಂಡ ರೀತಿ ಮಾತ್ರ ಸಂಪೂರ್ಣವಾಗಿ ಆತನದೇ. ಚಕ್ರವರ್ತಿಯಾದ ಬಳಿಕ, 1806ರ ಫೆಬ್ರವರಿ 19ರ ಆಜ್ಞೆಯಿಂದ, ಆಗಸ್ಟ್ 15ನ್ನು ‘ಸಂತ ನೆಪೋಲಿಯನ್’ ಹಬ್ಬವೆಂದು ಘೋಷಿಸಲಾಯಿತು. ಅಂತಹ ಸಂತನೊಬ್ಬನು ಯಾರ ನೆನಪಿನಲ್ಲೂ ಇರಲಿಲ್ಲ. ಪೋಪನ ಪ್ರತಿನಿಧಿಯಾಗಿ ಪ್ಯಾರಿಸಿನಲ್ಲಿದ್ದ ಕಾರ್ಡಿನಲ್ ಕಪ್ರಾರನು ಹಳೆಯ ಹುತಾತ್ಮರ ಪಟ್ಟಿಗಳನ್ನು ಜಾಲಾಡಿ, ಅಲೆಕ್ಸಾಂಡ್ರಿಯದಲ್ಲಿ ಮಡಿದ ನಿಯೋಪೋಲಿಸ್ ಎಂಬ ಅಪ್ರಸಿದ್ಧನನ್ನು ಹೊರತೆಗೆದು, ಆ ಹೆಸರೇ ಕಾಲಕ್ರಮದಲ್ಲಿ ನೆಪೋಲಿಯನ್ ಆಯಿತೆಂದು ಸಾಧಿಸಿಕೊಟ್ಟನು. ಶತಮಾನಗಳಿಂದ ಮರಿಯಳಿಗೆ ಸಲ್ಲುತ್ತಿದ್ದ ದಿನ ಒಬ್ಬ ಸೇನಾಪತಿಯ ಹುಟ್ಟುಹಬ್ಬವಾಯಿತು; ಮೇಣದ ಬತ್ತಿಯನ್ನು ಹಚ್ಚಿದ ಭಕ್ತೆ ಯಾರಿಗೆ ಹಚ್ಚಿದಳೆಂದು ಕೇಳುವವರಿರಲಿಲ್ಲ. ಸಾಮ್ರಾಜ್ಯ ಅಳಿದೊಡನೆ ಈ ಹಬ್ಬವೂ ಅಳಿಯಿತು. 1852ರಲ್ಲಿ ಮೂರನೆಯ ನೆಪೋಲಿಯನ್ ಅದನ್ನು ಮರಳಿ ರಾಷ್ಟ್ರೀಯ ಹಬ್ಬವನ್ನಾಗಿ ಮಾಡಿದನು, 1870ರಲ್ಲಿ ಆತನ ಪತನದೊಂದಿಗೆ ಅದು ಎರಡನೆಯ ಬಾರಿ ಅಳಿಯಿತು, ಹತ್ತು ವರ್ಷಗಳ ಮೇಲೆ ಗಣರಾಜ್ಯವು ಜುಲೈ 14ನ್ನು ಆ ಸ್ಥಾನಕ್ಕೆ ತಂದಿತು.

ಈ ಜನ್ಮದಿನವೂ ನಿರಾತಂಕವಾಗಿ ಉಳಿದದ್ದಲ್ಲ. 1796ರಲ್ಲಿ ಜೋಸೆಫೀನಳೊಡನೆ ನಡೆದ ವಿವಾಹದ ದಾಖಲೆಯಲ್ಲಿ ವರನ ಜನ್ಮದಿನವನ್ನು 1768ರ ಫೆಬ್ರವರಿ 5 ಎಂದು ಬರೆಯಲಾಗಿದೆ. ವಧುವಿನ ವಯಸ್ಸನ್ನು ಕಡಿಮೆ ಮಾಡಿ, ವರನ ವಯಸ್ಸನ್ನು ಹೆಚ್ಚಿಸಿ, ಅವರಿಬ್ಬರ ನಡುವಿನ ಅಂತರವನ್ನು ತುಂಬಿದ ಈ ಲೌಕಿಕ ಜಾಣತನ, ಮುಂದೆ ಆತನ ವೈರಿಗಳಿಗೆ ಒಳ್ಳೆಯ ಆಯುಧವಾಯಿತು: ಕಾರ್ಸಿಕಾ ಫ್ರಾನ್ಸಿಗೆ ಸೇರಿದ್ದು 1768ರ ಮೇ ತಿಂಗಳಿನಲ್ಲಾದುದರಿಂದ, ಫೆಬ್ರವರಿಯಲ್ಲಿ ಹುಟ್ಟಿದವನು ಹುಟ್ಟಿನಿಂದ ಫ್ರೆಂಚನೇ ಅಲ್ಲವೆಂದು ವಾದಿಸಬಹುದಾಗಿತ್ತು. ನೆಪೋಲಿಯನ್ ಹುಟ್ಟಿದ ಎರಡು ವರ್ಷಗಳ ಅನಂತರ, 1771ರ ಇದೇ ಆಗಸ್ಟ್ 15ರಂದು, ಎಡಿನ್‌ಬರೋದಲ್ಲಿ ವಾಲ್ಟರ್ ಸ್ಕಾಟ್ ಹುಟ್ಟಿದನು. ಸಾಲದ ಹೊರೆ ಹೊತ್ತ ಆ ಕಾದಂಬರಿಕಾರ 1827ರಲ್ಲಿ ಒಂಬತ್ತು ಸಂಪುಟಗಳಲ್ಲಿ ನೆಪೋಲಿಯನ್ನನ ಜೀವನಚರಿತ್ರೆಯನ್ನು ಪ್ರಕಟಿಸಿದನು. ಚರಿತ್ರನಾಯಕನೂ ಚರಿತ್ರೆಕಾರನೂ ಒಂದೇ ದಿನ ಹುಟ್ಟಿದ್ದು ಶುದ್ಧ ಕಾಕತಾಳೀಯ. ಇಂತಹ ಕೂಟಗಳು ನಮಗೆ ತೋರುವಷ್ಟು ಅಪರೂಪವೂ ಅಲ್ಲ. ಇಪ್ಪತ್ತಮೂರು ಮಂದಿ ಸೇರಿದ ಕೋಣೆಯಲ್ಲಿ ಯಾರಾದರಿಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚೆಂದು ಗಣಿತಜ್ಞರು ತೋರಿಸಿದ್ದಾರೆ. ಪ್ರಸಿದ್ಧರ ಸಂಖ್ಯೆ ಇಪ್ಪತ್ತಮೂರಕ್ಕಿಂತ ಬಹಳ ಹೆಚ್ಚು. 1914ರ ಆಗಸ್ಟ್ 15ರಂದು ಪನಾಮಾ ಕಾಲುವೆಯು ಹಡಗುಗಳ ಸಂಚಾರಕ್ಕೆ ತೆರೆದುದನ್ನೂ ಇದೇ ಲೆಕ್ಕಕ್ಕೆ ಸೇರಿಸಿ ಮುಂದೆ ಸಾಗೋಣ.

1945ರಲ್ಲಿ ಈ ದಿನಾಂಕದ ಪಥ ಭಾರತದ ಕಡೆಗೆ ತಿರುಗಿತು. ಆಗಸ್ಟ್ 14ರ ರಾತ್ರಿ ಜಪಾನಿನ ಚಕ್ರವರ್ತಿ ಹಿರೋಹಿತೋ ಯುದ್ಧವಿರಾಮದ ಘೋಷಣೆಯನ್ನು ಧ್ವನಿಮುದ್ರಿಸಿದನು. ಆ ಮುದ್ರಿಕೆಯನ್ನು ವಶಪಡಿಸಿಕೊಳ್ಳಲು ಕೆಲವು ಸೇನಾಧಿಕಾರಿಗಳು ಅರಮನೆಯನ್ನೇ ಹೊಕ್ಕು ಹುಡುಕಿ ವಿಫಲರಾದರು. 15ರ ಮಧ್ಯಾಹ್ನ ಹನ್ನೆರಡು ಗಂಟೆಗೆ ಪ್ರಜೆಗಳು ಮೊದಲ ಬಾರಿಗೆ ತಮ್ಮ ದೊರೆಯ ಕಂಠವನ್ನು ಕೇಳಿದರು. ಅದೇ ಸುದ್ದಿಯನ್ನು ಅಧ್ಯಕ್ಷ ಟ್ರೂಮನ್ ವಾಷಿಂಗ್ಟನ್ನಿನಲ್ಲಿ ಪ್ರಕಟಿಸಿದಾಗ ಅಲ್ಲಿ ಇನ್ನೂ 14ರ ಸಂಜೆ. ಶರಣಾಗತಿಯ ಪತ್ರಕ್ಕೆ ಟೋಕಿಯೋ ಕೊಲ್ಲಿಯಲ್ಲಿ ಸಹಿ ಬಿದ್ದದ್ದು ಸೆಪ್ಟೆಂಬರ್ 2ರಂದು. ಹೀಗೆ ಒಂದೇ ಯುದ್ಧದ ಅಂತ್ಯಕ್ಕೆ ಮೂರು ದಿನಾಂಕಗಳು ಹಕ್ಕು ಸಾಧಿಸುತ್ತವೆ. ಜಪಾನೀಯರು 15ನ್ನೇ ಉಳಿಸಿಕೊಂಡರು. ಗತಿಸಿದ ಪೂರ್ವಜರು ಮನೆಗೆ ಬಂದು ಹೋಗುತ್ತಾರೆಂದು ನಂಬುವ ಬೋನ್ ಹಬ್ಬ ಆ ದೇಶದ ಬಹುಭಾಗದಲ್ಲಿ ಆಗಸ್ಟ್ ಮಧ್ಯದಲ್ಲೇ ಬರುವುದರಿಂದ, ಯುದ್ಧದಲ್ಲಿ ಸತ್ತವರ ಸ್ಮರಣೆಗೆ ಆ ದಿನ ಹೊಂದಿಕೊಂಡಿತು.

ಜಪಾನಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಕೊರಿಯಕ್ಕೆ ಇದೇ ದಿನ ಹಬ್ಬ. 1948ರಲ್ಲಿ ದಕ್ಷಿಣದ ನಾಯಕರು ತಮ್ಮ ಗಣರಾಜ್ಯದ ಉದ್ಘಾಟನೆಗೆ ಆಗಸ್ಟ್ 15ನ್ನೇ ಆರಿಸಿದರು. 1974ರಲ್ಲಿ ಸೋಲ್ ನಗರದ ಮೊದಲ ಸುರಂಗ ರೈಲುಮಾರ್ಗವನ್ನು ತೆರೆಯಲು ಮತ್ತೆ ಅದೇ ದಿನ ಗೊತ್ತಾಯಿತು. ಅದೇ ಬೆಳಗ್ಗೆ ರಾಷ್ಟ್ರೀಯ ರಂಗಮಂದಿರದಲ್ಲಿ ವಿಮೋಚನಾ ದಿನದ ಭಾಷಣ ಮಾಡುತ್ತಿದ್ದ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಮೇಲೆ ಹಾರಿಸಿದ ಗುಂಡುಗಳಲ್ಲೊಂದು ಆತನ ಪತ್ನಿ ಯುಕ್ ಯಂಗ್ ಸೂ ಅವರನ್ನು ಬಲಿತೆಗೆದುಕೊಂಡಿತು. ದಿನಸೂಚಿಯಲ್ಲಿ ರೈಲುಮಾರ್ಗ ಒಂದು ಸಾಲು, ಹತ್ಯೆ ಇನ್ನೊಂದು ಸಾಲು. ಓದುಗ ಇದೆಂಥ ವಿಚಿತ್ರ ಯೋಗವೆಂದು ಬೆರಗಾಗುತ್ತಾನೆ. ಯೋಗವೇನೂ ಅಲ್ಲ. ಸಮಾರಂಭವಿದ್ದುದರಿಂದ ರೈಲು ಅಂದು ಹೊರಟಿತು, ಸಮಾರಂಭವಿದ್ದುದರಿಂದಲೇ ಅಧ್ಯಕ್ಷನು ಎಲ್ಲಿ ಯಾವ ಹೊತ್ತಿಗೆ ನಿಂತಿರುತ್ತಾನೆಂಬುದು ಕೊಲೆಗಾರನಿಗೂ ಮುಂಚಿತವಾಗಿ ತಿಳಿದಿತ್ತು.

ಇನ್ನು ನಮ್ಮ ಸ್ವಾತಂತ್ರ್ಯದ ದಿನ. 1947ರ ಫೆಬ್ರವರಿ 20ರಂದು ಬ್ರಿಟಿಷ್ ಪ್ರಧಾನಿ ಅಟ್ಲಿ ಪಾರ್ಲಿಮೆಂಟಿನಲ್ಲಿ ಹೇಳಿದ ಗಡುವು 1948ರ ಜೂನ್. ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ ಜೂನ್ 3ರ ವಿಭಜನಾ ಯೋಜನೆಯ ಮರುದಿನ ಪತ್ರಿಕಾಗೋಷ್ಠಿಯಲ್ಲಿ ಆಗಸ್ಟ್ 15ರ ಸುಮಾರಿಗೆ ಅಧಿಕಾರ ಹಸ್ತಾಂತರವಾಗುವುದೆಂದು ಪ್ರಕಟಿಸಿದಾಗ, ಉಳಿದದ್ದು ಹತ್ತು ವಾರಗಳಷ್ಟೇ. ಈ ತಾರೀಖು ಏಕೆ ಎಂಬ ಪ್ರಶ್ನೆಗೆ ಆತ ಎಷ್ಟೋ ವರ್ಷಗಳ ಮೇಲೆ ಸಂದರ್ಶಕರಿಗೆ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ: ಜಪಾನಿನ ಶರಣಾಗತಿಯ ಎರಡನೆಯ ವರ್ಷದ ದಿನ ಅದಾಗಿತ್ತು, ಆಗ್ನೇಯ ಏಷ್ಯದ ಮಿತ್ರಪಕ್ಷಗಳ ಸರ್ವೋಚ್ಚ ಸೇನಾಪತಿಯಾಗಿದ್ದ ತನಗೆ ಅದು ಪ್ರಿಯವಾದ ದಿನ. ಇಪ್ಪತ್ತೈದು ವರ್ಷಗಳಿಗೂ ಮೀರಿದ ಮೇಲೆ, ತನ್ನ ಪಾತ್ರವನ್ನು ಹಿರಿದುಮಾಡಿ ಹೇಳುವ ಅಭ್ಯಾಸವಿದ್ದವನ ನೆನಪಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟನ್ನೇ ಕೊಡಬೇಕು. ಆದರೆ ಈ ಉತ್ತರವನ್ನು ಒಪ್ಪಿದರೆ, ಹಿರೋಹಿತೋವಿನ ಬಾನುಲಿ ಭಾಷಣಕ್ಕೂ ಕೆಂಪುಕೋಟೆಯ ಧ್ವಜಕ್ಕೂ ನೇರವಾದ ಕಾರ್ಯಕಾರಣ ಸಂಬಂಧ ಉಂಟೆಂದಾಯಿತು. ಅಂದರೆ ಭಾರತದ ಸ್ವಾತಂತ್ರ್ಯ ದಿನವೂ ಕೊರಿಯದ ವಿಮೋಚನಾ ದಿನವೂ ಒಂದಾಗಿರುವುದು ದೈವಘಟನೆಯಲ್ಲ, ಒಂದೇ ಮೂಲದ ಎರಡು ಕವಲು.

ದಿನ ಗೊತ್ತಾದ ಕೂಡಲೇ ಜ್ಯೋತಿಷಿಗಳು ಆಕ್ಷೇಪವೆತ್ತಿದರೆಂದೂ, ಅದರಿಂದಾಗಿಯೇ ಸಂವಿಧಾನ ಸಭೆ 14ರ ರಾತ್ರಿ ಸೇರಿ ನಡುರಾತ್ರಿಯ ಹೊಡೆತಕ್ಕೆ ಪ್ರತಿಜ್ಞೆ ಸ್ವೀಕರಿಸಿತೆಂದೂ ಪ್ರತೀತಿಯುಂಟು. ಪಂಚಾಂಗವನ್ನು ತೆರೆದರೆ ಆಕ್ಷೇಪ ಅರ್ಥವಾಗುತ್ತದೆ. ಅಂದು ಸರ್ವಜಿತ್ ಸಂವತ್ಸರದ ಅಧಿಕ ಶ್ರಾವಣ ಬಹುಳ ಚತುರ್ದಶಿ, ಶುಕ್ರವಾರ. ಅಧಿಕಮಾಸದಲ್ಲಿ ಮದುವೆ ಮುಂಜಿ ಗೃಹಪ್ರವೇಶಗಳನ್ನೇ ಮಾಡದವರು, ಅದೂ ಅಮಾವಾಸ್ಯೆಯ ಮುನ್ನಾದಿನ, ಒಂದು ರಾಷ್ಟ್ರದ ಪ್ರವೇಶಕ್ಕೆ ಹೇಗೆ ಒಪ್ಪಿಯಾರು? ಇಲ್ಲಿ ನಡುರಾತ್ರಿ ಒಂದು ಚಮತ್ಕಾರದ ಪರಿಹಾರವಾಯಿತು. ಗಡಿಯಾರದ ದಿನ ನಡುರಾತ್ರಿಗೆ ಹುಟ್ಟುತ್ತದೆ, ಪಂಚಾಂಗದ ದಿನ ಸೂರ್ಯೋದಯಕ್ಕೆ. ಆದುದರಿಂದ ಪಾರ್ಲಿಮೆಂಟಿನ ಶಾಸನದ ಪ್ರಕಾರ ಅದು ಶುಕ್ರವಾರ, ನಮ್ಮ ಅಜ್ಜಂದಿರ ಲೆಕ್ಕದಲ್ಲಿ ಇನ್ನೂ ಗುರುವಾರ. ಆ ರಾತ್ರಿಯ ಸಭೆಯಲ್ಲಿ ನೆಹರೂ ನಿರ್ಣಯವನ್ನು ಮಂಡಿಸಿದ ಮೇಲೆ ಮಾತನಾಡಿದವರಲ್ಲಿ, ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ರಾಧಾಕೃಷ್ಣನ್ ಅವರೂ ಒಬ್ಬರು.

ಈ ತಿಥಿಯ ಮುಂದಿನ ಗತಿಯನ್ನು ಗಮನಿಸಿದರೆ ನಮ್ಮ ಪ್ರಶ್ನೆಗೆ ಇನ್ನೊಂದು ಬೆಳಕು ದೊರೆಯುತ್ತದೆ. ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವ, 1948ರಲ್ಲಿ, ಶುಕ್ಲಪಕ್ಷದಲ್ಲಿ ಬಿತ್ತು. ಹತ್ತೊಂಬತ್ತು ಸೌರವರ್ಷಗಳಿಗೊಮ್ಮೆ ಚಂದ್ರನ ಕಲೆ ಅದೇ ತಾರೀಖಿಗೆ ಹಿಂದಿರುಗುವುದರಿಂದ 1966, 1985, 2004, 2023 ಈ ನಾಲ್ಕು ವರ್ಷಗಳಲ್ಲೂ ಆಗಸ್ಟ್ ಮಧ್ಯದಲ್ಲಿ ಅಧಿಕ ಶ್ರಾವಣವೇ ಇತ್ತು. 2023ರ ಆಗಸ್ಟ್ 15ರ ಉದಯದಲ್ಲಿ ಮತ್ತೆ ಅದೇ ಅಧಿಕ ಶ್ರಾವಣ ಬಹುಳ ಚತುರ್ದಶಿ, ವಾರ ಮಾತ್ರ ಮಂಗಳವಾರ. ಸ್ವಾತಂತ್ರ್ಯದ ದಿನವನ್ನು ತಿಥಿಯಂತೆ ಆಚರಿಸುವ ರೂಢಿ ಇದ್ದಿದ್ದರೆ ಅಧಿಕ ಶ್ರಾವಣ ಬಾರದ ವರ್ಷಗಳಲ್ಲಿ ಶಾಸ್ತ್ರಿಗಳು ಏನು ಪರಿಹಾರ ಹೇಳುತ್ತಿದ್ದರೋ!

1947ರ ಅದೇ ಶುಕ್ರವಾರ ಮುಸಲ್ಮಾನರಿಗೆ ರಂಜಾನ್ ತಿಂಗಳ 27ನೆಯ ದಿನವಾಗಿತ್ತು. ಕುರಾನ್ ಅವತರಿಸಿದ ರಾತ್ರಿಯೆಂದು ಬಹುಮಂದಿ ನಂಬುವ ರಾತ್ರಿ ಆ ನಡುರಾತ್ರಿಯೊಂದಿಗೆ ಕೂಡಿಬಂದಿತ್ತು. ಒಂದೇ ಹಗಲು ಒಬ್ಬರಿಗೆ ಅಮಂಗಳ, ಮತ್ತೊಬ್ಬರಿಗೆ ಪರಮ ಮಂಗಳ. ಹೀಗಿದ್ದೂ ಪಾಕಿಸ್ತಾನ ಕಾಲಾಂತರದಲ್ಲಿ ಆ ದಿನವನ್ನು ಬಿಟ್ಟು 14ಕ್ಕೆ ಹೋಯಿತು. 1947ರ ಜುಲೈ 18ರಂದು ಅರಸನ ಒಪ್ಪಿಗೆ ಪಡೆದ ಸ್ವಾತಂತ್ರ್ಯ ಶಾಸನವು ಎರಡೂ ರಾಜ್ಯಗಳಿಗೆ ಆಗಸ್ಟ್ 15ನ್ನೇ ವಿಧಿಸಿತ್ತು. 1948ರ ಜುಲೈನಲ್ಲಿ ಪಾಕಿಸ್ತಾನ ಹೊರಡಿಸಿದ ಮೊದಲ ಸ್ಮಾರಕ ಅಂಚೆಚೀಟಿಗಳ ಮೇಲೂ 15 ಆಗಸ್ಟ್ 1947 ಎಂದೇ ಅಚ್ಚಾಗಿದೆ. ಮೌಂಟ್‌ಬ್ಯಾಟನ್ 14ರಂದು ಕರಾಚಿಯಲ್ಲಿ ಅಧಿಕಾರ ಹಸ್ತಾಂತರದ ಭಾಷಣ ಮಾಡಿ ದೆಹಲಿಗೆ ಮರಳಬೇಕಾಗಿದ್ದುದರಿಂದ ಅಲ್ಲಿನ ಸಮಾರಂಭ ಒಂದು ದಿನ ಮುಂದಾಗಿ ನಡೆದಿತ್ತು. 1948ರಿಂದ ಆ ದೇಶದ ಉತ್ಸವ 14ಕ್ಕೆ ನಿಂತಿತು. ಒಂದೇ ಕ್ಷಣದಲ್ಲಿ ಹುಟ್ಟಿದ ಎರಡು ರಾಜ್ಯಗಳಿಗೆ ಹೀಗೆ ಎರಡು ಹುಟ್ಟುಹಬ್ಬಗಳಾದವು. ಗಡಿಯ ಜನರ ಪಾಡು ಇದಕ್ಕಿಂತ ವಿಚಿತ್ರ: ರ‍್ಯಾಡ್‌ಕ್ಲಿಫ್ ಎಳೆದ ರೇಖೆ ಪ್ರಕಟವಾದದ್ದೇ ಆಗಸ್ಟ್ 17ರಂದಾದುದರಿಂದ, ಬಂಗಾಳದ ಮುರ್ಷಿದಾಬಾದಿನಲ್ಲಿ 15ರಂದು ಪಾಕಿಸ್ತಾನದ ಬಾವುಟ ಹಾರಿತು, ಖುಲ್ನಾದಲ್ಲಿ ಭಾರತದ ಬಾವುಟ ಹಾರಿತು, ಎರಡು ದಿನಗಳ ಮೇಲೆ ಎರಡನ್ನೂ ಇಳಿಸಿ ಅದಲುಬದಲು ಮಾಡಬೇಕಾಯಿತು. ಇನ್ನು ಕೆಂಪುಕೋಟೆಯ ಮೇಲೆ ನೆಹರೂ ಮೊದಲ ಬಾರಿಗೆ ತ್ರಿವರ್ಣ ಧ್ವಜವನ್ನೇರಿಸಿದ್ದು, ಪಟ್ಟಿಗಳು ಹೇಳುವಂತೆ 15ರಂದಲ್ಲ, 16ರ ಬೆಳಗ್ಗೆ. ಪ್ರಸಿದ್ಧ ದಿನಾಂಕವು ತನ್ನ ಅಕ್ಕಪಕ್ಕದ ದಿನಗಳ ಘಟನೆಗಳನ್ನೂ ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆ ದಿನ ದೆಹಲಿಯಲ್ಲಿರದ ಇಬ್ಬರು ಮಹನೀಯರಿಗೆ ಆಗಸ್ಟ್ 15 ಮೊದಲಿನಿಂದಲೂ ತಮ್ಮದೇ ಕಾರಣಕ್ಕೆ ಸ್ಮರಣೀಯವಾಗಿತ್ತು. 1942ರ ಆಗಸ್ಟ್ 9ರ ಮುಂಜಾನೆ ಬಂಧಿತರಾಗಿ ಪುಣೆಯ ಆಗಾಖಾನ್ ಅರಮನೆಯಲ್ಲಿರಿಸಲ್ಪಟ್ಟ ಗಾಂಧೀಜಿಯವರ ಬಳಿ, ಕಾಲು ಶತಮಾನ ಕಾಲ ಅವರ ಕಾರ್ಯದರ್ಶಿಯಾಗಿ, ಲೇಖಕನಾಗಿ, ಮಗನಂತೆ ಬಾಳಿದ ಮಹಾದೇವ ದೇಸಾಯಿ ಇದ್ದರು. ಸೆರೆಯ ಏಳನೆಯ ದಿನ, 15ರ ಬೆಳಗ್ಗೆ, ಹೃದಯಾಘಾತದಿಂದ ಅವರು ತೀರಿಕೊಂಡರು, ವಯಸ್ಸು ಐವತ್ತು. ದೇಹವನ್ನು ಗಾಂಧೀಜಿ ತಮ್ಮ ಕೈಯಿಂದಲೇ ತೊಳೆದರು. ಅಂತ್ಯಕ್ರಿಯೆ ಅರಮನೆಯ ಆವರಣದಲ್ಲೇ ನಡೆಯಿತು. ಹದಿನೆಂಟು ತಿಂಗಳ ಮೇಲೆ ಕಸ್ತೂರಬಾ ಅವರ ಸಮಾಧಿಯೂ ಅದರ ಪಕ್ಕದಲ್ಲೇ ಆಯಿತು. 1947ರ ಆಗಸ್ಟ್ 15ರಂದು ಕಲಕತ್ತೆಯ ಬೆಲಿಯಾಘಾಟದ ಪಾಳುಮನೆಯಲ್ಲಿ ಗಾಂಧೀಜಿ ಉಪವಾಸವಿದ್ದು, ನೂಲು ತೆಗೆದು, ಗೀತಾಪಾರಾಯಣ ಮಾಡಿದ್ದನ್ನು ವಿಭಜನೆಯ ಶೋಕವೆಂದು ಮಾತ್ರ ವರ್ಣಿಸುವ ಬರವಣಿಗೆ ಹೇರಳವಾಗಿದೆ. ಶೋಕ ನಿಜ. ಆದರೆ ಅದು ಮಹಾದೇವರ ಐದನೆಯ ಪುಣ್ಯದಿನವೂ ಆಗಿತ್ತು, ಆ ದಿನವನ್ನು ಉಪವಾಸ ಗೀತಾಪಠನಗಳಿಂದ ಕಳೆಯುವುದು ಅವರ ರೂಢಿಯೂ ಆಗಿತ್ತು ಎಂಬುದನ್ನು ಮರೆತರೆ ಆ ಮುದುಕನ ಮನಸ್ಸಿನ ಅರ್ಧಭಾಗ ನಮಗೆ ಕಾಣದೆ ಹೋಗುತ್ತದೆ.

ಮತ್ತೊಬ್ಬರು ಅರವಿಂದರು. 1872ರ ಆಗಸ್ಟ್ 15ರಂದು ಕಲಕತ್ತೆಯಲ್ಲಿ ಹುಟ್ಟಿದ ಅವರಿಗೆ ಅಂದು 75 ತುಂಬಿತ್ತು. 1910ರಿಂದ ಅವರು ನೆಲೆಸಿದ್ದ ಪುದುಚೇರಿ ಅಂದು ಇನ್ನೂ ಫ್ರೆಂಚರ ಸ್ವತ್ತು. ಭಾರತದ ಸ್ವಾತಂತ್ರ್ಯಕ್ಕಾಗಿ ತಿರುಚಿರಾಪಳ್ಳಿಯ ಆಕಾಶವಾಣಿ ಅವರಿಂದ ಕೇಳಿ ಪಡೆದ ಸಂದೇಶ ಬಂದದ್ದು ಪರರಾಜ್ಯದ ನೆಲದಿಂದ. ಆ ಸಂದೇಶದಲ್ಲಿ ಅವರು ಈ ಕೂಡಿಬಂದ ದಿನವನ್ನು ಆಕಸ್ಮಿಕವೆಂದು ತಾವು ತಿಳಿಯುವುದಿಲ್ಲವೆಂದೂ, ತಮ್ಮ ಹೆಜ್ಜೆಗಳನ್ನು ನಡೆಸುವ ದೈವೀಶಕ್ತಿಯ ಮುದ್ರೆಯೆಂದು ಭಾವಿಸುವುದಾಗಿಯೂ ಹೇಳಿ, ಅಖಂಡ ಭಾರತ ಮೊದಲಾದ ತಮ್ಮ ಐದು ಕನಸುಗಳನ್ನು ವಿವರಿಸಿದರು. ಸಂಶೋಧಕನು ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಬೇಕು. ದಿನವನ್ನಾರಿಸಿದವನಿಗೆ ಅರವಿಂದರ ಹುಟ್ಟುಹಬ್ಬ ಲೆಕ್ಕದಲ್ಲಿರಲಿಲ್ಲ. ಆದುದರಿಂದ ಚರಿತ್ರೆಯ ಮಟ್ಟಿಗೆ ಅದು ಕಾಕತಾಳೀಯವೇ. ಆದರೆ ಅರವಿಂದರು ಹಾಗೆ ನಂಬಿದರೆಂಬುದೂ, ಆ ನಂಬಿಕೆ ಸಾವಿರಾರು ಜನರಿಗೆ ಆ ದಿನದ ಅರ್ಥವಾಯಿತೆಂಬುದೂ ಚರಿತ್ರೆಯ ಸಂಗತಿಯೇ.

ಆ ಅರ್ಥದ ಒಂದು ಎಳೆ ಕನ್ನಡ ನಾಡಿಗೂ ಬಂದಿದೆ. ಅರವಿಂದರ ಚಿಂತನೆಯನ್ನು ಕನ್ನಡಿಗರಿಗೆ ತಂದವರಲ್ಲಿ ಬೇಂದ್ರೆ, ಗೋಕಾಕರು ಪ್ರಮುಖರು. ಅರವಿಂದರ ಸಾಧನೆಯನ್ನೇ ತಮ್ಮ ಬಾಳಾಗಿ ಮಾಡಿಕೊಂಡವರು ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ಹಲಸಂಗಿಯ ಮಧುರಚೆನ್ನರು. ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರೊಡನೆ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಳೆಯರ ತ್ರಿಪದಿಗಳನ್ನು ಕೂಡಿಹಾಕಿ ‘ಗರತಿಯ ಹಾಡು’ ಸಂಕಲನವನ್ನು ಕನ್ನಡಕ್ಕೆ ಕೊಟ್ಟವರೂ, ‘ನನ್ನ ನಲ್ಲ’ದ ಕವಿಯೂ ಆದ ಅವರು, 1903ರಲ್ಲಿ ಹುಟ್ಟಿ, 1953ರ ಆಗಸ್ಟ್ 15ರಂದು, ತಮ್ಮ ಗುರುವಿನ ಜನ್ಮದಿನದಂದೇ ತೀರಿಕೊಂಡರು. ಹಲಸಂಗಿಯ ಜನ ಇದನ್ನು ಗುರುಕೃಪೆಯೆಂದರೆ ಅಲ್ಲಗಳೆಯುವ ಅಧಿಕಾರ ಸಂಶೋಧಕನಿಗಿಲ್ಲ. ನಾನು ಮಾತ್ರ ಇದನ್ನು ಸ್ಕಾಟ್‌ನ ಜನ್ಮದಿನದ ಸಾಲಿನಲ್ಲೇ ಇಡುತ್ತೇನೆ.

ಕರ್ನಾಟಕದಲ್ಲಿ ಈ ದಿನಾಂಕದೊಡನೆ ಅತ್ಯಂತ ಬಲವಾಗಿ ಬೆಸೆದಿರುವ ಹೆಸರು ಸಂಗೊಳ್ಳಿ ರಾಯಣ್ಣನದು. ಕಿತ್ತೂರಿನ ಸ್ವಾತಂತ್ರ್ಯಕ್ಕಾಗಿ ಕಂಪನಿ ಸರ್ಕಾರದ ಕಚೇರಿಗಳಿಗೆ ಬೆಂಕಿಯಿಟ್ಟು, ಖಜಾನೆಗಳನ್ನು ಸೂರೆಮಾಡಿ, ಕಾಡಿನಲ್ಲಿದ್ದು ಹೋರಾಡಿದ ಈ ವೀರನು ನಮ್ಮವರ ದ್ರೋಹದಿಂದಲೇ 1830ರಲ್ಲಿ ಸೆರೆಸಿಕ್ಕು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಆತ ಹುಟ್ಟಿದ್ದು 1798ರ ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26 ಎಂದು ನಾಡಿನಲ್ಲಿ ಪ್ರಚಲಿತವಾಗಿದ್ದು, ಆ ಎರಡೂ ದಿನ ಜಯಂತಿ ಮತ್ತು ಬಲಿದಾನ ಸ್ಮರಣೆಗಳು ನಡೆಯುತ್ತವೆ. ರಾಷ್ಟ್ರದ ಎರಡು ದೊಡ್ಡ ದಿನಗಳು ಒಬ್ಬ ಹಳ್ಳಿಯ ಶೇತಸನದಿಯ, ಅಂದರೆ ಇನಾಮು ಭೂಮಿಯ ಮೇಲೆ ಸೇವೆ ಸಲ್ಲಿಸುವ ಕಾವಲುಗಾರನ, ಹುಟ್ಟು ಸಾವುಗಳೊಂದಿಗೆ ಕೂಡಿಬಂದಿರುವುದನ್ನು ಭಾಷಣಕಾರರು ದೈವಸಂಕಲ್ಪವೆನ್ನುತ್ತಾರೆ. ಜನವರಿ 26 ಗಣರಾಜ್ಯದ ದಿನವಾದದ್ದು 1930ರ ಅದೇ ತಾರೀಖಿನಂದು ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಕೈಗೊಂಡ ನೆನಪಿಗಾಗಿ. 1949ರ ನವೆಂಬರ್ 26ರಂದೇ ಅಂಗೀಕೃತವಾದ ಸಂವಿಧಾನವನ್ನು ಎರಡು ತಿಂಗಳು ಕಾಯಿಸಿ ಆ ದಿನ ಜಾರಿಗೆ ತರಲಾಯಿತು. ಆ ಆಯ್ಕೆ ಮಾಡಿದವರ ಕಣ್ಣ ಮುಂದೆ ನಂದಗಡ ಇರಲಿಲ್ಲ. ನಂದಗಡದ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳ ಫಲ ಬೇಡುವ ದಂಪತಿಗಳು ಮರದ ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ; ಅವರಿಗೆ ತಾರೀಖಿನ ಗೊಡವೆಯೇ ಇಲ್ಲ.

ಹಳ್ಳಿಗಾಡಿನ ಜನ್ಮದಿನಾಂಕವೆಂಬುದೇ ಒಂದು ಪ್ರತ್ಯೇಕ ಅಧ್ಯಯನಕ್ಕೆ ವಸ್ತು. ಅರಸುಮನೆತನಗಳಲ್ಲಿ ಜಾತಕವಿತ್ತು, ಮೈಸೂರಿನಲ್ಲಿ ಮಹಾರಾಜರ ವರ್ಧಂತಿಗೆ ಊರಿಗೆ ಊರೇ ರಜೆಯಿತ್ತು. ರೈತನ ಮಗ ‘ದೊಡ್ಡ ಮಳೆ ಬಂದ ವರ್ಷ, ರಾಗಿ ಕೊಯ್ಲಿನಲ್ಲಿ’ ಹುಟ್ಟಿದವನು. ಅವನನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸಿ ನೋಡಿ, ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಈ ಕಾರಣದಿಂದ ನಮ್ಮ ಎರಡು ಮೂರು ತಲೆಮಾರಿನ ಅಸಂಖ್ಯಾತ ಸರ್ಕಾರಿ ನೌಕರರು, ಅಧ್ಯಾಪಕರು ಜೂನ್ 1ರಂದೇ ಹುಟ್ಟಿದವರು. ಜನನ ಮರಣಗಳ ನೋಂದಣಿಯನ್ನು ಕಡ್ಡಾಯಗೊಳಿಸಿದ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನವರ ಜನ್ಮದಿನಗಳನ್ನು ದಿನಸೂಚಿಗೆ ಸೇರಿಸುವ ಮುನ್ನ ಶಾಲೆಯ ದಾಖಲೆಗೂ ಮನೆಯ ಜಾತಕಕ್ಕೂ ತಾಳೆ ನೋಡುವುದು ಒಳಿತು.

ಸ್ವಾತಂತ್ರ್ಯಾನಂತರ ಈ ದಿನಾಂಕವೇ ಹೊಸ ಘಟನೆಗಳನ್ನು ಎಳೆದುಕೊಳ್ಳತೊಡಗಿತು. 1955ರ ಆಗಸ್ಟ್ 15ರಂದು ಸಹಸ್ರಾರು ನಿರಾಯುಧ ಸತ್ಯಾಗ್ರಹಿಗಳು ಪೋರ್ತುಗೀಸರ ಗೋವೆಯ ಗಡಿಯನ್ನು ದಾಟಿದರು. ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಆ ದಿನ ಆಯ್ಕೆಯ ದಿನ. 1975ರ ಇದೇ ದಿನದ ಮುಂಜಾವಿನಲ್ಲಿ ಢಾಕಾದ ಧಾನ್ಮಂಡಿಯ ಮನೆಯಲ್ಲಿ ಶೇಖ್ ಮುಜೀಬುರ್ ರಹಮಾನರನ್ನು ಕುಟುಂಬದವರೊಡನೆ ಸೈನಿಕರು ಕೊಂದರು. ಅಂದೂ ಶುಕ್ರವಾರ, ಇದನ್ನು ಹಿಡಿದು 1947ರ ಶುಕ್ರವಾರದ ದೋಷವನ್ನು ನೆನೆಯುವವರಿದ್ದಾರೆ. ತಾರೀಖು ವಾರಗಳ ಜೋಡಿ 28 ವರ್ಷಗಳಿಗೊಮ್ಮೆ ಮರುಕಳಿಸುತ್ತದೆಂಬ ಸರಳ ಗಣಿತವೇ ಇದಕ್ಕೆ ಸಾಕಾದ ಸಮಾಧಾನ. 2021ರಲ್ಲಿ ಕಾಬೂಲ್ ತಾಲಿಬಾನರ ವಶವಾದದ್ದೂ ಆಗಸ್ಟ್ 15ರಂದೇ. ಪುದುಚೇರಿ ಕಾನೂನಿನ ಪ್ರಕಾರ ಭಾರತಕ್ಕೆ ಸೇರಿದ್ದು 1962ರ ಆಗಸ್ಟ್ 16ರಂದು, ಒಂದೇ ದಿನದ ಅಂತರದಲ್ಲಿ ಈ ಪಟ್ಟಿಯಿಂದ ತಪ್ಪಿಸಿಕೊಂಡು.

ಕೊನೆಯದಾಗಿ, ಇಂದಿನ ಕರ್ನಾಟಕವೆಲ್ಲ 1947ರ ಆಗಸ್ಟ್ 15ರಂದು ಒಂದೇ ರೀತಿಯಲ್ಲಿ ಸ್ವತಂತ್ರವಾಯಿತೆಂಬ ಭಾವನೆಯನ್ನು ತಿದ್ದಬೇಕಾಗಿದೆ. ಧಾರವಾಡ, ಬೆಳಗಾವಿ, ಬಳ್ಳಾರಿ, ಮಂಗಳೂರುಗಳು ಬ್ರಿಟಿಷ್ ಪ್ರಾಂತಗಳಲ್ಲಿದ್ದುದರಿಂದ ಅಲ್ಲಿಗೆ ಆ ದಿನ ನಿಜವಾದ ದಿನ. ಮೈಸೂರಿನ ಮಹಾರಾಜರು ಆಗಸ್ಟ್ 9ರಂದೇ ಭಾರತ ಒಕ್ಕೂಟದ ಪ್ರವೇಶ ಪತ್ರಕ್ಕೆ ಸಹಿ ಹಾಕಿದ್ದರಾದರೂ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರಿನ ‘ಮೈಸೂರು ಚಲೋ’ ಚಳವಳಿ ನಡೆದು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದದ್ದು ಅಕ್ಟೋಬರಿನಲ್ಲಿ. ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮನ ಆಳ್ವಿಕೆಯಲ್ಲೇ ಉಳಿದವು. ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿ ಹೈದರಾಬಾದು ಸಂಸ್ಥಾನ ಕಾಂಗ್ರೆಸ್ಸಿನ ನಾಯಕರಾಗಿದ್ದ ಸ್ವಾಮಿ ರಾಮಾನಂದ ತೀರ್ಥರು ಆ ಆಗಸ್ಟ್ 15ರಂದು ತ್ರಿವರ್ಣ ಧ್ವಜವನ್ನು ಎತ್ತಿಹಿಡಿದುದಕ್ಕಾಗಿ ಸೆರೆಮನೆ ಸೇರಿದರು. ಆ ಸೀಮೆಗೆ ಬಿಡುಗಡೆ ಬಂದದ್ದು ಭಾರತದ ಸೇನಾ ಕಾರ್ಯಾಚರಣೆ ಮುಗಿದ 1948ರ ಸೆಪ್ಟೆಂಬರ್ 17ರಂದು. ಆದುದರಿಂದಲೇ ಕಲಬುರಗಿಯಲ್ಲಿ ವರ್ಷಕ್ಕೆ ಎರಡು ಸಲ, 33 ದಿನಗಳ ಅಂತರದಲ್ಲಿ, ವಿಮೋಚನೆಯ ಹೆಸರಿನಲ್ಲಿ ಧ್ವಜಾರೋಹಣ ನಡೆಯುತ್ತದೆ. ಸೆಪ್ಟೆಂಬರಿನದಕ್ಕೆ 2019ರಿಂದ ‘ಕಲ್ಯಾಣ ಕರ್ನಾಟಕ ಉತ್ಸವ’ವೆಂದು ಹೆಸರು.